ವಾರಕ್ಕೆ ಆರು ತಂದೆಯರು

ಕೊಂಬೆಮಕ್ಕಿ ಶಿಶುಪಾಲನಾ ಕೇಂದ್ರವು ಉದ್ಘಾಟನೆಯಾಗಿ ಎರಡು ವರ್ಷ ನಾಲ್ಕು ತಿಂಗಳು ಕಳೆದಿದ್ದು, ಈ ಅವಧಿಯಲ್ಲಿ ಅಲ್ಲಿ ಒಂದು ಮಗುವೂ ಅತ್ತಿಲ್ಲ, ಬಿದ್ದಿಲ್ಲ, ಗೋಡೆಯ ಮೇಲೆ ಗೀಚಿಲ್ಲ, ಆಟಿಕೆ ಮುರಿದಿಲ್ಲ ಎಂಬುದು ದಾಖಲೆಗಳಿಂದ ದೃಢಪಟ್ಟಿದೆ. ಈ ಸಾಧನೆಗಾಗಿ ಕೇಂದ್ರಕ್ಕೆ ಸತತ ಎರಡು ವರ್ಷ 'ಅತ್ಯುತ್ತಮ ಗುಣಮಟ್ಟದ ಪಾಲನೆ' ಎಂಬ ಫಲಕ ಬಂದಿದೆ. ಕೇಂದ್ರಕ್ಕೆ ಇದುವರೆಗೆ ಒಂದು ಮಗುವನ್ನೂ ಸೇರಿಸಿಕೊಂಡಿಲ್ಲ ಎಂಬುದು ಬೇರೆ ವಿಷಯ. ಅದನ್ನು ಕೇಳುವ ಕಲಂ ತಪಾಸಣಾ ನಮೂನೆಯಲ್ಲಿ ಇರಲಿಲ್ಲ.

ಹಾಗೆಂದು ಕೇಂದ್ರ ಬೀಗ ಜಡಿದುಕೊಂಡು ಕೂತಿತ್ತೆಂದು ಯಾರೂ ಹೇಳುವಂತಿಲ್ಲ. ಆಯಾ ಮರಿಯಮ್ಮ ದಿನಾ ಎಂಟು ಗಂಟೆಗೆ ಬಾಗಿಲು ತೆಗೆಯುತ್ತಿದ್ದಳು. ಹನ್ನೆರಡು ಪುಟ್ಟ ಹಾಸಿಗೆಗಳನ್ನು ಕೊಡವಿ ಹಾಸುತ್ತಿದ್ದಳು. ಮೂರು ಗೊಂಬೆಗಳಿಗೆ ತಲೆ ಬಾಚಿ, ಮಧ್ಯಾಹ್ನ ಅವುಗಳನ್ನು ಮಲಗಿಸಿ, ನಾಲ್ಕು ಗಂಟೆಗೆ ಎಬ್ಬಿಸಿ ಕಪಾಟಿಗೆ ಸೇರಿಸಿ ಬೀಗ ಹಾಕುತ್ತಿದ್ದಳು. ತನ್ನ ಎರಡೂ ಮಕ್ಕಳನ್ನು ಮದುವೆ ಮಾಡಿ ಕಳಿಸಿದ ಆ ಹೆಂಗಸಿಗೆ ಒಂದು ಜೀವಂತ ಮಗುವನ್ನು ಎತ್ತಿಕೊಳ್ಳಬೇಕೆಂದು ಕೈ ಕಡಿಯುತ್ತಿತ್ತು. ಆದರೆ ಆಕೆಯ ನೇಮಕಾತಿ ಆದೇಶದಲ್ಲಿ ಅಂಥದ್ದೇನೂ ಇರಲಿಲ್ಲ.

ಇದೆಲ್ಲವನ್ನೂ ಸಫ್ದರ್ ದಿನಾ ನೋಡುತ್ತಿದ್ದ. ಅವನ ಜೀಪ್ ಗ್ಯಾರೇಜು ಕೇಂದ್ರದ ಎದುರಿಗೇ, ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯ ಆಚೆ ಬದಿಗೆ. ಸಂಸೆ ಕಡೆಯ ಜೀಪಿನವರು ಬ್ರೇಕು ಹೋದರೆ ದೇವರನ್ನು ನೆನೆಯುವುದಕ್ಕೆ ಮೊದಲು ಸಫ್ದರನನ್ನು ನೆನೆಯುತ್ತಿದ್ದರು. ಜೀಪಿನ ಅಡಿಯಲ್ಲಿ ಮಲಗಿಕೊಂಡು ನೋಡಿದರೆ ಎದುರಿನ ಗೋಡೆಯ ಮೇಲಿನ ಚಿತ್ರ ನೇರ ಕಣ್ಣಿಗೆ ಬೀಳುತ್ತಿತ್ತು: ಒಂದು ಆನೆ, ಒಂದು ಮೊಲ, ಅವೆರಡರ ನಡುವೆ 'ಮಕ್ಕಳೇ ನಮ್ಮ ಸಂಪತ್ತು' ಎಂಬ ಬರಹ. ಸಂಪತ್ತನ್ನು ಬೀಗ ಹಾಕಿಡುವುದು ವಾಡಿಕೆಯಾದ್ದರಿಂದ ಅವನಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ತಪ್ಪು ಕಂಡಿದ್ದು ಅವನ ಹೆಂಡತಿ ನಜ್ಮಾಗೆ ಕೆಲಸ ಸಿಕ್ಕ ಮೇಲೆ. ನಜ್ಮಾ ನರ್ಸಿಂಗ್ ಓದಿದವಳು. ಮಗಳು ಜಿಕ್ರಾ ಹುಟ್ಟಿದಾಗ ಕೆಲಸ ಬಿಟ್ಟಿದ್ದಳು. ಈಗ ಮೂಡಿಗೆರೆಯ ಒಂದು ಖಾಸಗಿ ಆಸ್ಪತ್ರೆಯವರು ಕರೆದಿದ್ದರು. ಜೂನ್ ತಿಂಗಳ ಮೂರನೇ ಭಾನುವಾರ ಕಳೆದ ಮರುದಿನ, ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹಾಜರಾಗಬೇಕು. ಆಗದಿದ್ದರೆ ಪಟ್ಟಿಯಲ್ಲಿ ಮುಂದಿನವರು ಇದ್ದಾರೆ. ಅತ್ತೆ ಜಮೀಲುನ್ನೀಸಾಗೆ ಮೊಣಕಾಲು ನೋವು. ಒಂದೂವರೆ ವರ್ಷದ ಜಿಕ್ರಾ ಓಡುವ ಓಟಕ್ಕೆ ಆ ಮೊಣಕಾಲು ಮೊದಲ ದಿನವೇ ರಾಜೀನಾಮೆ ಕೊಟ್ಟಿತ್ತು.

"ನಾನು ನೋಡ್ಕತೀನಿ ಬಿಡು, ಗ್ಯಾರೇಜಲ್ಲೇ ಇಟ್ಕತೀನಿ" ಎಂದ ಸಫ್ದರ್.

ಪರೀಕ್ಷೆಗೆಂದು ಒಂದು ದಿನ ಇಟ್ಟುಕೊಂಡ. ಹತ್ತು ಗಂಟೆಗೆ ಜಾಕ್ ಏರಿಸಿ ಈಚೆ ತಿರುಗುವಷ್ಟರಲ್ಲಿ ಜಿಕ್ರಾಳ ಕೆನ್ನೆ ಉಬ್ಬಿತ್ತು. ಬಾಯಲ್ಲಿ ಬೆರಳು ಹಾಕಿ ತೆಗೆದರೆ ಚಕ್ರದ ನಟ್ಟು. ಸಫ್ದರ್ ಮಗಳನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಕೂತುಬಿಟ್ಟ, ಅರ್ಧ ಗಂಟೆ ಏಳಲಿಲ್ಲ. ಆ ಅರ್ಧ ಗಂಟೆ ಅವನ ಎದುರಿಗೆ ಕೇಂದ್ರದ ಬಾಗಿಲು ತೆರೆದೇ ಇತ್ತು, ಒಳಗೆ ಮರಿಯಮ್ಮ ಗೊಂಬೆಗೆ ಜಡೆ ಹಾಕುತ್ತಿದ್ದಳು. ನಜ್ಮಾಗೆ ವಿಷಯ ತಿಳಿದಾಗ ಅವಳು ಬೈಯಲಿಲ್ಲ. "ಹಾಗಾದ್ರೆ ನಾನು ಹೋಗಲ್ಲ ಬಿಡಿ" ಎಂದಷ್ಟೇ ಹೇಳಿ, ಇಸ್ತ್ರಿ ಮಾಡಿಟ್ಟ ಬಿಳಿ ಸಮವಸ್ತ್ರವನ್ನು ಪೆಟ್ಟಿಗೆಯೊಳಗಿಟ್ಟಳು. ಬೈದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನವೇ ಅವನು ಕೇಂದ್ರದ ನಿರ್ವಹಣಾ ಸಮಿತಿಯ ಅಧ್ಯಕ್ಷರಾದ ಶಂಕರಪ್ಪನವರನ್ನು ಕಾಣಲು ಹೋದ. ಸಮಿತಿಯಲ್ಲಿ ಒಟ್ಟು ಏಳು ಮಂದಿ: ಆರು ಗಂಡಸರು, ಮತ್ತು ಬರೆಯುವ ಕೆಲಸಕ್ಕೆ ಕಾರ್ಯದರ್ಶಿ ರಜನಿ. ಶಂಕರಪ್ಪನವರು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬೀಜದ ದರ್ಜೆ ನೋಡಿ ನಿವೃತ್ತರಾದವರು. ಊರಿನಲ್ಲಿ ಗುಣಮಟ್ಟದ ಬಗ್ಗೆ ತಿಳಿದವರು ಅವರೊಬ್ಬರೇ ಆದ್ದರಿಂದ, ಗುಣಮಟ್ಟದ ಶಿಶುಪಾಲನೆ ಎಂಬ ಆದೇಶ ಬಂದ ದಿನವೇ ಅವರನ್ನು ಅವಿರೋಧವಾಗಿ ಆರಿಸಲಾಗಿತ್ತು.

"ಎಂತ ಸಫ್ದರ್, ಜೀಪು ರೆಡಿ ಆಯ್ತಾ?"

"ಜೀಪು ಆಯ್ತು ಸರ್. ಮಗಳನ್ನ ಸೇರಿಸ್ಬೇಕಿತ್ತು."

"ಎಲ್ಲಿಗೆ?"

"ಶಿಶುಪಾಲನಾ ಕೇಂದ್ರಕ್ಕೆ."

ಶಂಕರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಗುವನ್ನಾ?" ಎಂದು ಕೇಳಿದರು. ಸಫ್ದರ್ ಹೌದೆಂದ. ಅವರು ತುಂಬ ತಾಳ್ಮೆಯಿಂದ ವಿವರಿಸಿದರು. "ನೋಡು ಮಾರಾಯ, ಗುಣಮಟ್ಟ ಅಂದ್ರೆ ಎಂತ? ನ್ಯೂನತೆ ಕಮ್ಮಿ ಇರದು. ಈಗ ನಮ್ಮ ಕೇಂದ್ರದಲ್ಲಿ ನ್ಯೂನತೆ ಸೊನ್ನೆ. ಒಂದು ಮಗು ಒಳಗೆ ಬಂತು ಅಂತಿಟ್ಕ, ಒಂದು ಗಂಟೆ ಒಳಗೆ ನ್ಯೂನತೆ ಶುರು. ಅದು ಅಳ್ತದೆ, ಚೆಲ್ತದೆ. ಎರಡು ವರ್ಷದ ಹೆಸರು ಮಣ್ಣುಪಾಲು."

"ಸರ್, ಕೇಂದ್ರ ಇರದೇ ಮಕ್ಕಳಿಗಲ್ವಾ?"

"ಅಲ್ಲ ಅಂದ್ನಾ ನಾನು? ಸೇರಿಸ್ಕಳಣ. ಆದ್ರೆ ಹಾಗೇ ಸೇರಿಸ್ಕಳಕೆ ಆಗದಿಲ್ಲ. ಮೊದಲು ಸ್ಯಾಂಪಲ್ ತಗಂಡು ಬಾ."

ಸಫ್ದರನಿಗೆ ಇದ್ದದ್ದು ಒಂದೇ ಸ್ಯಾಂಪಲ್. ಅದನ್ನು ಸ್ನಾನ ಮಾಡಿಸಿ, ಹಳದಿ ಅಂಗಿ ತೊಡಿಸಿ, ಮರುದಿನ ಸಮಿತಿಯ ಕಚೇರಿಗೆ ಎತ್ತಿಕೊಂಡು ಹೋದ.

ಮಕ್ಕಳ ಗುಣಮಟ್ಟ ನೋಡುವ ನಮೂನೆ ಮೇಲಿನಿಂದ ಇನ್ನೂ ಬಂದಿರಲಿಲ್ಲ. ಆದ್ದರಿಂದ ಶಂಕರಪ್ಪನವರು ತಮ್ಮಲ್ಲಿದ್ದ ಕಾಫಿ ಬೀಜದ ನಮೂನೆಯ ತಲೆಬರಹಕ್ಕೆ ಒಂದು ಚೀಟಿ ಅಂಟಿಸಿ, ಅದರ ಮೇಲೆ 'ಶಿಶು' ಎಂದು ಬರೆಸಿದ್ದರು. ರಜನಿ ಓದುತ್ತಾ ಹೋದಳು, ಅವರು ನೋಡಿ ಹೇಳುತ್ತಾ ಹೋದರು.

"ತೂಕ?"

"ಒಂಬತ್ತು ಕಿಲೋ ನಾನೂರು ಗ್ರಾಂ."

"ಜರಡಿ?"

ಬೀಜವನ್ನಾದರೆ ಜರಡಿಯಲ್ಲಿ ಹಾಕಿ ಗಾತ್ರ ನೋಡುತ್ತಾರೆ. ಮಗುವಿಗೆ ಅಷ್ಟು ದೊಡ್ಡ ಜರಡಿ ಇಲ್ಲದ್ದರಿಂದ ಕಿಟಕಿಯ ಸರಳುಗಳ ನಡುವೆ ತಲೆ ತೂರುತ್ತದೆಯೇ ಎಂದು ನೋಡಲಾಯಿತು. ತೂರಲಿಲ್ಲ. ಇಡೀ ಪರೀಕ್ಷೆಯಲ್ಲಿ ಮಗುವಿಗೆ ಉಪಯೋಗಕ್ಕೆ ಬರುವಂಥದ್ದು ಇದೊಂದೇ ಆಗಿದ್ದು, ಅದೂ ಅಕಸ್ಮಾತ್ತಾಗಿ ನಡೆದುಹೋಯಿತು.

"ಹೊರಮೈ?"

ಜಿಕ್ರಾಳ ಎಡಗೆನ್ನೆಯ ಮೇಲೆ ಒಂದು ಕೆಂಪು ಚುಕ್ಕೆಯಿತ್ತು. ಶಂಕರಪ್ಪನವರು ಭೂತಗನ್ನಡಿ ಹಿಡಿದು ಬಗ್ಗಿದರು. "ಬೋರರ್ ಹುಳ ಬಿದ್ದಂಗೆ ಕಾಣ್ತದೆ, ಬರ್ಕ" ಎಂದರು.

"ಅದು ಸೊಳ್ಳೆ ಸರ್" ಎಂದ ಸಫ್ದರ್.

"ಸೊಳ್ಳೆಗೆ ಕಲಂ ಇಲ್ಲ ಮಾರಾಯ."

ವಾಸನೆಯ ಕಲಂಗೆ ಅವರು ಮಗುವಿನ ನೆತ್ತಿಗೆ ಮೂಗು ತಾಗಿಸಿದರು. "ಹಾಲು. ಸ್ವಲ್ಪ ಗ್ರೀಸು" ಎಂದರು. ಆ ಕ್ಷಣಕ್ಕೆ ಸರಿಯಾಗಿ ಜಿಕ್ರಾ ಅವರ ಕನ್ನಡಕ ಕಿತ್ತುಕೊಂಡು ಕಿಲಕಿಲ ನಕ್ಕಳು. ಶಂಕರಪ್ಪನವರು ಮುಂದಿನ ಕಲಂ ಹೇಳುವುದನ್ನು ಮರೆತು ಹಾಗೇ ಬಗ್ಗಿ ನಿಂತಿದ್ದರು. ರಜನಿ ಎರಡು ಸಲ ಕೆಮ್ಮಿದ ಮೇಲೆ ನೆಟ್ಟಗಾದರು.

ಕಡೆಯ ಕಲಂ ತೇವಾಂಶದ್ದು. ಅದು ನೂರಕ್ಕೆ ಹತ್ತೂವರೆ ಮೀರಬಾರದು. ರಜನಿ ಮಗುವಿನ ಚಡ್ಡಿ ಮುಟ್ಟಿ ನೋಡಿದಳು.

"ಇದೆ ಸರ್."

"ಎಷ್ಟು?"

"ಪೂರ್ತಿ."

ಶಂಕರಪ್ಪನವರು ಮುಖ ಸಣ್ಣ ಮಾಡಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. "ಒಣಗಿಸ್ಕಂಡು ತಗಂಡು ಬಾ ಸಫ್ದರ್. ನಂಗೂ ಬೇಜಾರೇ. ಆದ್ರೆ ಹಸಿ ಮಾಲು ಒಳಗೆ ತಗಂಡ್ರೆ ನಾಳೆ ಗೋಡೌನಿಗೇ ಬೂಷ್ಟು."

ಜೂನ್ ತಿಂಗಳಲ್ಲಿ ಆ ಸೀಮೆಯಲ್ಲಿ ಒಣಗುವ ವಸ್ತು ಯಾವುದೂ ಇಲ್ಲ. ಸಫ್ದರ್ ಒಂದು ವಾರದಲ್ಲಿ ನಾಲ್ಕು ಸಲ ಮಗಳನ್ನು ಒಣಗಿಸಿಕೊಂಡು ಹೋದ. ನಾಲ್ಕೂ ಸಲ ತೇವಾಂಶದ ಕಲಂ ತಲುಪುವ ಹೊತ್ತಿಗೆ ಫಲಿತಾಂಶ ಅದೇ ಆಯಿತು. ಐದನೇ ಸಲ ಹೋದಾಗ ಶಂಕರಪ್ಪನವರಿಗೇ ಅಯ್ಯೋ ಅನ್ನಿಸಿರಬೇಕು.

"ಒಂದು ಕೆಲಸ ಮಾಡು. ಭಾನುವಾರ ಕೇಂದ್ರದ ಅಂಗಳದಲ್ಲಿ ಅಪ್ಪಂದಿರ ದಿನಾಚರಣೆ ಇಟ್ಕಂಡಿದೀವಿ. ಮೇಲಿನವರು ಫೋಟೋ ಕೇಳಿದಾರೆ, ಅಪ್ಪ ಮಗು ಎತ್ಕಂಡಿರಬೇಕಂತೆ. ನಮ್ಮ ಆರೂ ಜನರ ಮಕ್ಕಳು ಎತ್ಕಳ ಸೈಜು ದಾಟಿ ಎಷ್ಟೋ ವರ್ಷ ಆಯ್ತು. ನಿನ್ನ ಮಗುನ ಕರ್ಕಂಡು ಬಾ. ಆಮೇಲೆ ನಿನ್ನ ಅರ್ಜಿ ನೋಡಣ. ಜನರೇಟರ್ ಸ್ವಲ್ಪ ಕೈಕೊಡ್ತಾ ಉಂಟು, ಬರ್ತಾ ಸ್ಪ್ಯಾನರೂ ತಾ."

ಸಫ್ದರ್ ಮನೆಗೆ ಬಂದು ಪೆಟ್ಟಿಗೆಯಿಂದ ಸಮವಸ್ತ್ರ ತೆಗೆಸಿ ಮತ್ತೆ ಇಸ್ತ್ರಿ ಮಾಡಿಸಿದ.

ದಿನಾಚರಣೆಯ ಪ್ರಕಟಣೆ ಪಂಚಾಯಿತಿ ಗೋಡೆಯ ಮೇಲೆ ಹೀಗಿತ್ತು: 'ತಂದೆಯ ಪಾತ್ರದ ಮಹತ್ವವನ್ನು ಸಾರುವ ಸಲುವಾಗಿ ಗ್ರಾಮದ ಆದರ್ಶ ತಂದೆಯರನ್ನು ಸನ್ಮಾನಿಸಲಾಗುವುದು. ಅರ್ಜಿದಾರರು ಸಮಿತಿಯ ಕಳೆದ ಇಪ್ಪತ್ತು ಸಭೆಗಳಿಗೆ ತಪ್ಪದೆ ಹಾಜರಾಗಿರಬೇಕು. ಸಭೆಗೆ ಮಕ್ಕಳನ್ನು ಕರೆತಂದಿರಬಾರದು.' ಈ ಷರತ್ತುಗಳನ್ನು ಪೂರೈಸಿದವರು ಇಡೀ ಗ್ರಾಮದಲ್ಲಿ ಆರೇ ಮಂದಿ ಸಿಕ್ಕಿದರು. ಆರೂ ಮಂದಿ ಸಮಿತಿಯ ಸದಸ್ಯರೇ ಆಗಿದ್ದುದು ಆಯ್ಕೆಯ ಕೆಲಸವನ್ನು ಹಗುರ ಮಾಡಿತು.

ಭಾನುವಾರ ಟಾರ್ಪಾಲಿನ ಚಪ್ಪರದಡಿ ಆರು ಕುರ್ಚಿ, ಆರು ಶಾಲು, ಆರು ಹಣ್ಣಿನ ಬುಟ್ಟಿ ಸಿದ್ಧವಾದವು. ಆರೂ ಸದಸ್ಯರ ಹೆಂಡತಿಯರು ಹಿಂದೆ ಕಡುಬು ಬೇಯಿಸುತ್ತಿದ್ದರು. ಭಾಷಣಕಾರರು ತಂದೆಯನ್ನು ಆಲದ ಮರಕ್ಕೆ ಹೋಲಿಸಿದರು. ನಿರೂಪಣೆ ಮಾಡುತ್ತಿದ್ದ ರಜನಿ, ಎರಡನೇ ಆದರ್ಶ ತಂದೆಯವರ ಮಗಳು ಈಗ ಏನು ಓದುತ್ತಿದ್ದಾಳೆಂದು ಮೈಕಿನಲ್ಲಿ ಕೇಳಿದಳು. ಅವರು ಸ್ವಲ್ಪ ಯೋಚಿಸಿ, "ಅದನ್ನೆಲ್ಲ ಅವಳಮ್ಮನೇ ನೋಡ್ಕಳದು" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಫೋಟೋ. ಜಿಕ್ರಾ ಮೊದಲ ತಂದೆಯ ತೋಳಿನಲ್ಲಿ ಬೆರಗಾಗಿ ಕೂತಳು, ಎರಡನೆಯವರಲ್ಲಿ ತುಟಿ ಉಬ್ಬಿಸಿದಳು, ಮೂರನೆಯವರ ಮೀಸೆ ನೋಡಿ ಗೊಳೋ ಎಂದಳು. ಅಂಗಳವು ಕೇಂದ್ರದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಈ ಅಳು ದಾಖಲಾಗಲಿಲ್ಲ. ವೇದಿಕೆಯ ಪಕ್ಕದಲ್ಲಿ ಜನರೇಟರಿನೊಳಗೆ ಕೈಯಿಟ್ಟಿದ್ದ ಸಫ್ದರನಿಗೆ ತಡೆಯಲಾಗಲಿಲ್ಲ. ಓಡಿಬಂದು, "ಅಬ್ಬಾ ಇಲ್ಲೇ ಇದೀನಿ ಬೇಟಾ" ಎಂದು ಕೈ ಚಾಚಿದ. ಮಗು ಅವನ ಎಣ್ಣೆ ಮೆತ್ತಿದ ಬೆರಳು ಹಿಡಿದ ಕೂಡಲೆ ಸುಮ್ಮನಾಯಿತು.

"ಮೆಕ್ಯಾನಿಕ್ಕು ಸ್ವಲ್ಪ ಪಕ್ಕಕ್ಕೆ" ಎಂದ ಫೋಟೋದವನು. "ನೀವು ಫ್ರೇಮಿಗೆ ಬರ್ತಿದೀರ."

ಸಫ್ದರ್ ಫ್ರೇಮಿನ ಆಚೆ ಕುಕ್ಕರಗಾಲಿನಲ್ಲಿ ಕೂತು, ಮಗಳಿಗೆ ಕಾಣುವಂತೆ ಸ್ಪ್ಯಾನರು ಆಡಿಸುತ್ತಾ, ಉಳಿದ ಮೂರು ಫೋಟೋ ಮುಗಿಸಿಕೊಟ್ಟ. ಆ ಮೂರೂ ಚಿತ್ರಗಳಲ್ಲಿ ಮಗುವಿನ ನೋಟ ಒಂದೇ ದಿಕ್ಕಿಗಿದೆ. ತಂದೆಯರು ಮಾತ್ರ ಕ್ಯಾಮೆರಾ ನೋಡುತ್ತಿದ್ದಾರೆ.

ಸಂಜೆ ಐದಕ್ಕೆ ಅವನ ಅರ್ಜಿ ಇತ್ಯರ್ಥವಾಯಿತು. ರಜನಿ ತಲೆ ತಗ್ಗಿಸಿಕೊಂಡೇ ಆದೇಶ ಕೈಗಿತ್ತಳು. 'ನಿಯಮ ಒಂಬತ್ತರ ಪ್ರಕಾರ, ಪಾಲನೆಗೆ ಸಮರ್ಥನಾದ ತಂದೆಯಿರುವ ಮಗುವನ್ನು ಕೇಂದ್ರಕ್ಕೆ ಸೇರಿಸಿಕೊಳ್ಳುವಂತಿಲ್ಲ. ಲಗತ್ತಿಸಿದ ಭಾವಚಿತ್ರಗಳನ್ನು ಪರಿಶೀಲಿಸಲಾಗಿ, ಸದರಿ ಶಿಶುವಿಗೆ ಆರು ಮಂದಿ ಆದರ್ಶ ತಂದೆಯರು ಇರುವುದು ಕಂಡುಬಂದಿದೆ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಿದೆ.' ಕೆಳಗೆ ಆರೂ ಮಂದಿಯ ಸಹಿ, ಹೆಸರು, ಮೊಬೈಲ್ ಸಂಖ್ಯೆ.

ಸಫ್ದರ್ ಅದನ್ನು ಮನೆಗೆ ಹೇಗೆ ತಂದನೋ ಅವನಿಗೇ ಗೊತ್ತಿಲ್ಲ. ನಜ್ಮಾ ಅಕ್ಕಿ ಆರಿಸುತ್ತಿದ್ದಳು. ಅವನು ಕಾಗದ ಅವಳ ಮುಂದಿಟ್ಟು ಗೋಡೆಗೆ ಮುಖ ಮಾಡಿ ಕೂತ. ಕಣ್ಣು ತುಂಬಿ ಬಂದಿತ್ತು, ಅದನ್ನು ಹೆಂಡತಿ ನೋಡುವುದು ಬೇಡವಾಗಿತ್ತು. ನಜ್ಮಾ ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಮೂರನೇ ಸಲ ಬೆರಳಿಟ್ಟು ಓದಿದಳು.

"ಇದ್ರಲ್ಲಿ ಅಳೋದು ಏನಿದೆ?" ಎಂದಳು. "ಆರು ಜನ ಒಪ್ಕೊಂಡು ಸಹಿ ಹಾಕಿದಾರೆ. ವಾರಕ್ಕೆ ಕೆಲಸದ ದಿನ ಆರು. ಸೋಮವಾರ ಯಾರ್ದು ನೋಡಿ, ಮೊದಲನೇ ಹೆಸರು."

ಸೋಮವಾರ ಆರೂವರೆಗೆ ಸಫ್ದರ್ ಶಂಕರಪ್ಪನವರ ಮನೆಯ ಬಾಗಿಲು ಬಡಿದ. ಅವನ ತೋಳಿನಲ್ಲಿ ಜಿಕ್ರಾ, ಹೆಗಲಿಗೆ ಹಾಲಿನ ಬಾಟಲಿ ಮತ್ತು ಎಂಟು ಚಡ್ಡಿಗಳಿದ್ದ ಚೀಲ, ಕೈಯಲ್ಲಿ ಆದೇಶ.

"ಎಂತ ಇದು?" ಎಂದರು ಶಂಕರಪ್ಪನವರು.

"ನಿಮ್ಮ ಆದೇಶ ಸರ್. ಇವತ್ತು ನಿಮ್ದು. ನಾಳೆ ಎರಡನೇ ಸಹಿಯವರ್ದು."

ಶಂಕರಪ್ಪನವರು ಆದೇಶವನ್ನು ತಲೆಯಿಂದ ಕಾಲಿನವರೆಗೆ ಓದಿದರು. ಮೂವತ್ತೊಂದು ವರ್ಷ ನ್ಯೂನತೆ ಹುಡುಕಿದ ಕಣ್ಣು. ತಮ್ಮದೇ ಕಾಗದದಲ್ಲಿ ಅವರಿಗೆ ಒಂದೂ ಸಿಗಲಿಲ್ಲ. ಅವರು ಒಳಗೆ ತಿರುಗಿ, "ಕೃಷ್ಣಮ್ಮಾ" ಎಂದು ಕೂಗಿದರು. ಅವರ ಹೆಂಡತಿ ಕೃಷ್ಣಮ್ಮ ಬಾಗಿಲಿಗೆ ಬಂದು, ಮಗುವನ್ನೂ ಗಂಡನನ್ನೂ ನೋಡಿದರು.

"ನಂಗೆ ಇವತ್ತು ಸಂಘದ ಮೀಟಿಂಗ್ ಉಂಟು" ಎಂದರು. "ಮೂರು ಹೆತ್ತು ಸಾಕಿದೀನಿ, ಒಂದನ್ನಾದ್ರೂ ನೀವು ಎತ್ಕಂಡಿದ್ದು ನೋಡಿಲ್ಲ. ನಿನ್ನೆ ಶಾಲು ಹೊದಿಸ್ಕಂಡ್ರಲ್ಲ, ಹಿಡ್ಕಳಿ." ಹಾಗೆಂದವರು ಕೊಡೆ ತೆಗೆದುಕೊಂಡು ಹೊರಟೇ ಹೋದರು.

ಆರು ಐವತ್ತರ ಬಸ್ಸು ಬಂತು. ಬಿಳಿ ಸಮವಸ್ತ್ರದ ನಜ್ಮಾ ಹತ್ತಿದಳು. ಸಫ್ದರ್ ರಸ್ತೆಯ ಬದಿಗೆ ನಿಂತು ಬಸ್ಸು ತಿರುವು ದಾಟುವವರೆಗೂ ನೋಡಿದ.

ಒಂಬತ್ತೂಕಾಲಿನ ಹೊತ್ತಿಗೆ ಶಂಕರಪ್ಪನವರ ಕನ್ನಡಕ ಕಾಫಿ ಡಬ್ಬಿಯೊಳಗಿತ್ತು, ಅಂಗಿಯ ತೇವಾಂಶ ಹತ್ತೂವರೆ ದಾಟಿತ್ತು. ಒಂಬತ್ತೂವರೆಗೆ ಅವರು ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಏದುಸಿರು ಬಿಡುತ್ತಾ ಕೇಂದ್ರದ ಬಾಗಿಲಿಗೆ ಬಂದರು. ಮರಿಯಮ್ಮ ಎರಡೂ ಕೈ ಚಾಚಿಕೊಂಡು ಓಡಿಬಂದಳು. ಆದರೆ ಅವರೇ ಹೊಸ್ತಿಲ ಹೊರಗೆ ನಿಂತುಬಿಟ್ಟರು. ಈ ಮಗುವನ್ನು ಸೇರಿಸಿಕೊಳ್ಳುವಂತಿಲ್ಲವೆಂದು ಸಹಿ ಹಾಕಿದವರು ಅವರೇ ತಾನೆ.

ರಜನಿಯನ್ನು ಕರೆಸಲಾಯಿತು. ಅವಳು ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ತಿರುವಿದಳು. "ಮಗುವನ್ನ ಸೇರಿಸಿಕೊಳ್ಳೋ ಹಾಗಿಲ್ಲ ಸರ್. ಆದ್ರೆ ಅಧ್ಯಕ್ಷರು ಒಳಗೆ ಹೋಗೋದಕ್ಕೆ ಅಡ್ಡಿ ಇಲ್ಲ. ಅವರ ಕೈಲಿ ಏನಿದೆ ಅಂತ ನೋಡೋ ಅಧಿಕಾರ ನಮಗಿಲ್ಲ. ಹಾಜರಿ ನಿಮ್ಮ ಹೆಸರಲ್ಲಿ ಬರೆದ್ರೆ ಆಯ್ತು."

ಹಾಗೇ ಆಯಿತು. ಮರಿಯಮ್ಮ ಮಗುವನ್ನು ತೆಗೆದುಕೊಂಡು ಎದೆಗೊತ್ತಿಕೊಂಡಳು. ಎರಡು ವರ್ಷ ನಾಲ್ಕು ತಿಂಗಳ ಬಳಿಕ ಆ ಹನ್ನೆರಡು ಹಾಸಿಗೆಗಳಲ್ಲಿ ಒಂದು ಬೆಚ್ಚಗಾಯಿತು. ಸಂಜೆ ಅವಳು ದಿನವರದಿ ಪುಸ್ತಕದಲ್ಲಿ ರಜನಿ ಹೇಳಿಕೊಟ್ಟಂತೆಯೇ ಬರೆದಳು: 'ಶ್ರೀ ಶಂಕರಪ್ಪನವರು ಬಂದಾಗ ಸ್ವಲ್ಪ ಅತ್ತರು. ಎತ್ತಿಕೊಂಡ ಮೇಲೆ ಸುಮ್ಮನಾದರು. ಹತ್ತು ಗಂಟೆಗೆ ಗಂಜಿ ತಿಂದರು, ಅರ್ಧ ಉಗಿದರು. ಹನ್ನೊಂದರಿಂದ ಒಂದರವರೆಗೆ ಮಲಗಿದರು. ಮೂರು ಸಲ ಚಡ್ಡಿ ಬದಲಿಸಲಾಯಿತು. ಗೊಂಬೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ.'

ಶಂಕರಪ್ಪನವರು ಓದಿ, ಸರಿಯಿದೆ ಎಂದು ಸಹಿ ಮಾಡಿದರು.

ಮಂಗಳವಾರ ಎರಡನೇ ಆದರ್ಶ ತಂದೆ ಗಂಜಿ ತಿಂದರು. ಬುಧವಾರ ಮೂರನೆಯವರಿಗೆ ಶೀತವಾಗಿ ಮೂಗು ಒರೆಸಲಾಯಿತು. ಸುದ್ದಿ ಹರಡಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ ತನ್ನ ಮಗನ ಜತೆ ಆರೂ ಆದರ್ಶ ತಂದೆಯರ ಫೋಟೋ ತೆಗೆಸಿಕೊಂಡು ಬಂದಳು. ಆಮೇಲೆ ಉಳಿದವರೂ ಬಂದರು. ತಿಂಗಳು ಮುಗಿಯುವುದರೊಳಗೆ ಹನ್ನೆರಡು ಹಾಸಿಗೆ ತುಂಬಿ, ಆ ದಿನದ ತಂದೆ ಒಬ್ಬರೇ ಮೂವತ್ತಾರು ಸಲ ಚಡ್ಡಿ ಬದಲಿಸಿಕೊಳ್ಳುವಂತಾಯಿತು.

ವಾರ್ಷಿಕ ತಪಾಸಣೆಗೆ ಜಿಲ್ಲೆಯಿಂದ ಪರಿವೀಕ್ಷಕರು ಬಂದಾಗ ಒಳಗೆ ಗಲಾಟೆಯೋ ಗಲಾಟೆ. ಅವರು ಹೊರಗಿನ ಕುರ್ಚಿಯಲ್ಲಿ ಕೂತು, ಪುಸ್ತಕವನ್ನು ಪುಟ ಬಿಡದೆ ಓದಿದರು.

"ಈ ಶಂಕರಪ್ಪನವರು ಅಂದ್ರೆ ಯಾರು?"

"ನಾನೇ ಸರ್."

ಪರಿವೀಕ್ಷಕರು ಅರವತ್ತಾರರ ಶಂಕರಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೋದ ವಾರ ದವಡೆ ಹಲ್ಲು ಬರ್ತಾ ಇದೆ ಅಂತ ಬರೆದಿದಾರೆ. ಬಂತಾ?"

"ಒಂದು ಬಂದಿದೆ ಸರ್. ಎರಡು ದಿನ ಜ್ವರ ಇತ್ತು, ಈಗ ಆರಾಮು. ರಾಗಿ ಮಣ್ಣಿ ಚೆನ್ನಾಗಿ ತಿಂತಾಳೆ." ಶಂಕರಪ್ಪನವರು "ತಿಂತೀನಿ" ಎಂದು ತಿದ್ದಿಕೊಂಡರು.

"ಮಕ್ಕಳು?"

"ದಾಖಲೆ ಪ್ರಕಾರ ಒಂದೂ ಇಲ್ಲ ಸರ್."

ಪರಿವೀಕ್ಷಕರು ತೃಪ್ತರಾಗಿ, ಕೇಂದ್ರದಲ್ಲಿ ಈ ವರ್ಷವೂ ಒಂದು ಮಗುವೂ ಅತ್ತಿಲ್ಲವೆಂದೂ, ತಂದೆಯರ ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೆಂದೂ ಷರಾ ಬರೆದರು. ಮೂರನೇ ಫಲಕ ಬಂತು. ಅದನ್ನು ಆರು ಫೋಟೋಗಳ ಪಕ್ಕದಲ್ಲಿ ತೂಗುಹಾಕಲಾಗಿದೆ.

ಸಫ್ದರ್ ಈಗಲೂ ದಿನಾ ಬೆಳಿಗ್ಗೆ ನಜ್ಮಾಳನ್ನು ಬಸ್ಸು ಹತ್ತಿಸಿ, ಎಂಟಕ್ಕೆ ಜಿಕ್ರಾಳನ್ನು ಎತ್ತಿಕೊಂಡು ರಸ್ತೆ ದಾಟುತ್ತಾನೆ. ಪುಸ್ತಕದಲ್ಲಿ 'ತಂದು ಒಪ್ಪಿಸಿದವರು' ಎಂಬ ಕಲಂನಲ್ಲಿ ತನ್ನ ಹೆಸರು, ಅದರ ಮುಂದೆ ಜೀಪ್ ಮೆಕ್ಯಾನಿಕ್ ಎಂದು ಬರೆದು ಸಹಿ ಹಾಕುತ್ತಾನೆ. ಬೆರಳಿನ ಎಣ್ಣೆ ಪುಟಕ್ಕೆ ಹತ್ತುತ್ತದೆ. ಅದಕ್ಕೆ ಕಲಂ ಇಲ್ಲದ್ದರಿಂದ ಯಾರೂ ಆಕ್ಷೇಪಿಸಿಲ್ಲ.

ಭಾನುವಾರ ಕೇಂದ್ರಕ್ಕೆ ರಜೆ. ಆ ದಿನ ಸದರಿ ಶಿಶುವಿಗೆ ತಂದೆ ಇರುವುದಿಲ್ಲವೆಂದು ದಾಖಲೆಯಲ್ಲಿದೆ. ಅವಳು ಇಡೀ ದಿನ ಅಬ್ಬನ ಹೆಗಲ ಮೇಲೆ ಇರುತ್ತಾಳೆ.